ಮೊರಗಿವಿ

ಇಂದಿನ ಮಾತಿನ ವಿಷಯ ಕೇಳಿ ಕೆಲವು ಶ್ರೋತೃಗಳಿಗೆ ನಗು ಬಂದೀತು. ಹೃದ್ರೋಗ, ಸಕ್ಕರೆಕಾಯಿಲೆಗಳಂಥ ಘನವಾದ ವಿಷಯಗಳಿರುತ್ತ, ವೈದ್ಯನಾದವನು ಹೊರಕ್ಕೆ ಚಾಚಿಕೊಂಡ ಕಿವಿಯ ವಿಚಾರವನ್ನು ಎತ್ತಿಕೊಳ್ಳುವುದೆ ಎಂದು. ಕುಂದಾಪುರದ ಸುತ್ತಮುತ್ತ ಮೂವತ್ತೈದು ವರ್ಷ ವೈದ್ಯವೃತ್ತಿ ನಡೆಸಿದವನು ನಾನು. ಈ ಕಿವಿಯಿಂದ ಯಾರೂ ಸತ್ತದ್ದನ್ನು ಕಂಡಿಲ್ಲ. ಆದರೆ ಇದರ ದೆಸೆಯಿಂದ ಶಾಲೆ ಬಿಡಲು ಹೊರಟವರನ್ನು ಕಂಡಿದ್ದೇನೆ. ಹೆಣ್ಣು ನೋಡಲು ಬಂದವರ ಮುಂದೆ ಬರಲೊಲ್ಲದೆ ಕೋಣೆಯಲ್ಲಿ ಅಳುತ್ತ ಕುಳಿತವರನ್ನು ಕಂಡಿದ್ದೇನೆ. ಕಂಡಕಂಡ ಅಂಟು ಹಚ್ಚಿಕೊಂಡು ಕಿವಿಯ ಹಿಂದಿನ ಚರ್ಮ ಸುಲಿಸಿಕೊಂಡವರನ್ನೂ ಕಂಡಿದ್ದೇನೆ. ಕತ್ತಿ ಹಿಡಿಯದೆ ಇದಕ್ಕೆ ಏನು ಮಾಡಬಹುದು, ಯಾವಾಗ ಮಾಡಬಹುದು, ಏನನ್ನು ಮಾಡಲೇಬಾರದು ಎಂಬುದಷ್ಟನ್ನು ಇಂದು ಹೇಳಬೇಕೆಂದಿದ್ದೇನೆ.

ನಮ್ಮ ಕಡೆಯ ಆಡುಮಾತಿನಲ್ಲಿ ಕಿವಿಗೆ ‘ಕೆಮಿ’ ಎನ್ನುತ್ತಾರೆ, ಅಕ್ಕಿ ಕೇರುವ ಮೊರಕ್ಕೆ ‘ಗೆರ್ಸಿ’ ಎನ್ನುತ್ತಾರೆ. ಎರಡನ್ನೂ ಕೂಡಿಸಿದರೆ ಶಾಲೆಯ ಮಕ್ಕಳ ಬಾಯಿಗೆ ಒಂದು ಅಡ್ಡಹೆಸರು ಸಿದ್ಧವಾಯಿತು. ತಮಾಷೆಯೆಂದರೆ ಗಣಪತಿಗೆ ಶೂರ್ಪಕರ್ಣನೆಂಬ ಹೆಸರುಂಟು, ಶೂರ್ಪವೆಂದರೂ ಮೊರವೇ. ಕುಂಭಾಸಿಯ ಆನೆಗುಡ್ಡೆಯಲ್ಲಿಯೋ ಹಟ್ಟಿಯಂಗಡಿಯಲ್ಲಿಯೋ ಆ ಅಗಲ ಕಿವಿಯ ದೇವರ ಮುಂದೆ ಭಕ್ತಿಯಿಂದ ಕಿವಿ ಹಿಡಿದು ಬಸ್ಕಿ ಹೊಡೆದು ಬಂದ ಹುಡುಗನೇ ಮರುದಿನ ಪಕ್ಕದ ಬೆಂಚಿನವನ ಕಿವಿ ಹಿಡಿದು ಎಳೆಯುತ್ತಾನೆ.

ಮೊದಲು ಈ ಕಿವಿಯ ರಚನೆಯನ್ನು ಸ್ವಲ್ಪ ನೋಡೋಣ. ಬೆರಳಿನಿಂದ ನಿಮ್ಮ ಕಿವಿಯ ಹೊರ ಅಂಚನ್ನು ಸವರಿನೋಡಿ. ಅದರ ಒಳಗಡೆ, ಅಂಚಿಗೆ ಸರಿಸಮನಾಗಿ ಇನ್ನೊಂದು ಏರು ಕೈಗೆ ಸಿಗುತ್ತದೆ. ಕಿವಿಯ ಹಾಳೆ ತಲೆಯ ಕಡೆಗೆ ಬಾಗಿ ನಿಲ್ಲುವುದು ಈ ಮಡಿಕೆಯ ಬಲದಿಂದ. ಕೆಲವರಲ್ಲಿ ಈ ಮಡಿಕೆ ಸರಿಯಾಗಿ ಮೂಡಿರುವುದಿಲ್ಲ. ಮಡಿಕೆಯಿಲ್ಲದ ಬಾಳೆಲೆಯಂತೆ ಕಿವಿ ಬಿಚ್ಚಿಕೊಂಡು ನಿಲ್ಲುತ್ತದೆ. ಇನ್ನು ಕೆಲವರಲ್ಲಿ ಕಿವಿಯ ರಂಧ್ರದ ಸುತ್ತಣ ಬಟ್ಟಲೇ ಆಳವಾಗಿದ್ದು ಇಡೀ ಕಿವಿಯನ್ನು ಹೊರಕ್ಕೆ ದೂಡುತ್ತದೆ. ಹಲವರಲ್ಲಿ ಎರಡೂ ಇರುತ್ತವೆ. ಕಿವಿಯ ಅಂಚಿಗೂ ತಲೆಬುರುಡೆಗೂ ನಡುವೆ ಸುಮಾರು 2 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ವೈದ್ಯರು ಇದನ್ನು ಚಾಚಿದ ಕಿವಿ ಎನ್ನುತ್ತಾರೆ. ನೂರರಲ್ಲಿ ಐವರಿಗಾದರೂ ಇಂಥ ಕಿವಿ ಇರುತ್ತದೆಂದು ಸಾಮಾನ್ಯ ಲೆಕ್ಕ. ತಂದೆಗೋ ಅಜ್ಜನಿಗೋ ಇದ್ದುದು ಮಗುವಿಗೆ ಬರುವುದುಂಟು. ಬಸುರಿಯಾಗಿದ್ದಾಗ ತಾಯಿ ಏನನ್ನೋ ನೋಡಿದಳು, ಏನನ್ನೋ ತಿಂದಳು ಎಂಬ ಮಾತಿಗೆ ಆಧಾರವಿಲ್ಲ. ಸೊಸೆಯಂದಿರ ಪರವಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಚಿಕ್ಕ ಮಕ್ಕಳಲ್ಲಿ ಇದು ಹೆಚ್ಚು ಎದ್ದು ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ಕಿವಿ ಬೇಗ ಬೆಳೆಯುವ ಅಂಗ. ಐದಾರು ವರ್ಷದ ಹೊತ್ತಿಗೆ ಅದು ಬಹುಪಾಲು ದೊಡ್ಡವರ ಅಳತೆಗೆ ಬಂದಿರುತ್ತದೆ, ಮುಖವಿನ್ನೂ ಹಾಲುಗಲ್ಲದ್ದು. ಮುಂದೆ ಮುಖ ಬೆಳೆದಾಗ ಕಿವಿ ಅಷ್ಟು ದೊಡ್ಡದೆನಿಸುವುದಿಲ್ಲ. ಹಾಗೆಂದು ಅದು ತಲೆಗೆ ಅಂಟಿ ಕೂಡುವುದೂ ಇಲ್ಲ. “ಬೆಳೆಯುತ್ತ ಸರಿಹೋದೀತು” ಎಂದು ಹಿರಿಯರು ಹೇಳುವ ಸಮಾಧಾನದಲ್ಲಿ ಇರುವುದು ಅರ್ಧ ಸತ್ಯ.

ಕೇಳುವ ಶಕ್ತಿಗೆ ಇದರಿಂದ ಯಾವ ಕುಂದೂ ಇಲ್ಲ. ನಮ್ಮೂರ ಗದ್ದೆಯ ಬಯಲಿನಲ್ಲಿ ಯಕ್ಷಗಾನದ ರಾತ್ರಿ ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಂದಿರನ್ನು ನೀವು ನೋಡಿರಬಹುದು. ಭಾಗವತರ ಪದ ಸರಿಯಾಗಿ ಕೇಳಿಸದಾದಾಗ ಅವರು ಅಂಗೈಯನ್ನು ಬಟ್ಟಲು ಮಾಡಿ ಕಿವಿಯ ಹಿಂದೆ ಹಿಡಿದು ಕಿವಿಯನ್ನು ಮುಂದಕ್ಕೆ ದೂಡಿಕೊಳ್ಳುತ್ತಾರೆ. ಪದ ಕೇಳುವಷ್ಟು ಹೊತ್ತು ಅವರೂ ಮೊರಗಿವಿಯವರೇ.

ನೋಟದ ಮಾತಿಗೆ ಬಂದರೆ ಗಾಂಧೀಜಿಯವರನ್ನು ನೆನೆಯಬೇಕು. ಅವರು ಹರಿಜನ ಯಾತ್ರೆಯ ಕಾಲದಲ್ಲಿ, 1934ರ ಫೆಬ್ರವರಿಯಲ್ಲಿ, ನಮ್ಮ ಕುಂದಾಪುರಕ್ಕೂ ಬಂದಿದ್ದರು. ಒಂದು ದುಂಡು ತಲೆ, ಒಂದು ಕನ್ನಡಕ, ಎರಡೂ ಬದಿಗೆ ಚಾಚಿದ ಎರಡು ಕಿವಿ, ಇಷ್ಟು ಗೆರೆ ಎಳೆದರೆ ಸಾಕು, ಭಾರತದ ಯಾವ ಹಳ್ಳಿಯ ಮಗುವೂ ಅವರ ಹೆಸರು ಹೇಳುತ್ತದೆ. ಸತೀಶ್ ಆಚಾರ್ಯ, ಪಂಜು ಗಂಗೊಳ್ಳಿಯವರಂಥ ವ್ಯಂಗ್ಯಚಿತ್ರಕಾರರನ್ನು ಕೊಟ್ಟ ಊರು ನಮ್ಮದು. ಮುಖದಲ್ಲಿ ಗೆರೆಗೆ ಸುಲಭವಾಗಿ ಒಗ್ಗುವ ಅಂಗ ಕಿವಿಯೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಾಂಧೀಜಿಯವರ ಉದಾಹರಣೆಯನ್ನು ಹತ್ತು ವರ್ಷದ ಹುಡುಗನಿಗೆ ಕೊಟ್ಟು ಸುಮ್ಮನಿರಿಸಲು ಹೋಗಬಾರದು. ಅವನಿಗೆ ಮಹಾತ್ಮನಾಗುವ ಆಸೆಯೇನೂ ಇರುವುದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ತನ್ನನ್ನು ಯಾರೂ ಕೂಗದಿದ್ದರೆ ಸಾಕಾಗಿರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಶಸ್ತ್ರಚಿಕಿತ್ಸೆಯಿಲ್ಲದೆ ಕಿವಿಯ ಆಕಾರವನ್ನು ನಿಜವಾಗಿ ತಿದ್ದುವುದು ಸಾಧ್ಯ. ಆದರೆ ಆ ಅವಕಾಶ ಮನುಷ್ಯನ ಬಾಳಿನಲ್ಲಿ ಒಮ್ಮೆ ಮಾತ್ರ, ಅದೂ ಹುಟ್ಟಿದ ಕೆಲವೇ ವಾರಗಳ ಮಟ್ಟಿಗೆ, ತೆರೆದಿರುತ್ತದೆ. ಹೆರಿಗೆಗೆ ಮುನ್ನ ತಾಯಿಯ ರಕ್ತದಲ್ಲಿ ಈಸ್ಟ್ರೋಜೆನ್ ಎಂಬ ರಸದ ಪ್ರಮಾಣ ಬಹಳ ಏರಿರುತ್ತದೆ. ಅದರ ಪ್ರಭಾವ ಶಿಶುವಿನ ಮೈಯಲ್ಲೂ ಉಳಿದು, ಕಿವಿಯ ಮೃದ್ವಸ್ಥಿ ನಾದಿದ ಹಿಟ್ಟಿನ ಹಾಗೆ ಬಗ್ಗಿಸಿದತ್ತ ಬಗ್ಗುತ್ತದೆ. ದಿನಗಳುರುಳಿದಂತೆ ಆ ರಸ ಇಳಿಯುತ್ತದೆ, ಮೃದ್ವಸ್ಥಿ ಬಿಗಿಯಾಗುತ್ತದೆ. ಮೊದಲ ಒಂದೆರಡು ವಾರದಲ್ಲಿ ತೊಡಗಿದರೆ ಫಲ ಹೆಚ್ಚು. ಆರು ವಾರ ಕಳೆದ ಮೇಲೆ ಕಡಮೆ. ಮೂರು ತಿಂಗಳು ದಾಟಿದ ಮೇಲೆ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು.

ಈ ವಿಧಾನವನ್ನು ವೈದ್ಯಲೋಕದ ಗಮನಕ್ಕೆ ತಂದವರಲ್ಲಿ ಜಪಾನಿನ ಮತ್ಸುವೊ ಎಂಬ ವೈದ್ಯರೂ ಅವರ ಸಂಗಡಿಗರೂ ಮುಖ್ಯರು. ಅವರ ಲೇಖನ ಪ್ರಕಟವಾದದ್ದು 1984ರಲ್ಲಿ. ಕ್ರಮ ಸರಳವಾದದ್ದೇ. ಮೆತ್ತಗಿನ ಸಣ್ಣ ಕೊಳವೆಯೊಳಗೆ ಬಗ್ಗುವ ತಂತಿಯನ್ನು ಸೇರಿಸಿ, ಅದನ್ನು ಕಿವಿಯ ಅಂಚಿನ ಒಳತೋಡಿನಲ್ಲಿ ಕೂರಿಸಿ, ಇಲ್ಲದ ಮಡಿಕೆ ಮೂಡುವಂತೆ ಕಿವಿಯನ್ನು ಹಿಂದಕ್ಕೆ ಬಾಗಿಸಿ, ಚರ್ಮಕ್ಕೆ ಒಗ್ಗುವ ಕಾಗದದ ಪಟ್ಟಿಯಿಂದ ತಲೆಗೆ ಅಂಟಿಸುತ್ತಾರೆ. ಈಗ ಇದಕ್ಕೆಂದೇ ತಯಾರಿಸಿದ ಅಚ್ಚುಗಳೂ ಬಂದಿವೆ. ಹಗಲೂ ರಾತ್ರಿಯೂ ಅದು ಹಾಗೆಯೇ ಇರಬೇಕು. ಕೆಲವು ದಿನಗಳಿಗೊಮ್ಮೆ ಬಿಚ್ಚಿ, ಚರ್ಮ ಕೆಂಪಾಗಿದೆಯೆ, ಹುಣ್ಣಾಗಿದೆಯೆ ನೋಡಿ ಮತ್ತೆ ಕಟ್ಟುತ್ತಾರೆ. ಬೇಗ ತೊಡಗಿದ ಕೂಸಿಗೆ ಎರಡು ವಾರದಲ್ಲೇ ಸಾಕಾಗಬಹುದು, ತಡವಾದರೆ ಆರು ವಾರವೂ ಹಿಡಿದೀತು. ಮಗುವಿಗೆ ಅರಿವಳಿಕೆ ಬೇಡ, ಹೊಲಿಗೆ ಬೇಡ. ಮನೆಯಲ್ಲಿ ತಾವೇ ತಂತಿ ಸುತ್ತಿ ನೋಡುವುದು ಮಾತ್ರ ಕೂಡದು. ಎಳೆಯ ಚರ್ಮ ಒಂದು ರಾತ್ರಿಯ ಒತ್ತಡಕ್ಕೆ ಕೊಳೆತೀತು. ಮಣಿಪಾಲದಂಥ ಕಡೆ ಪ್ಲಾಸ್ಟಿಕ್ ಸರ್ಜರಿಯ ವಿಭಾಗವುಂಟು. ಹೆಸರಿನಲ್ಲಿ ಸರ್ಜರಿ ಇದೆಯೆಂದು ಹೆದರಬೇಕಾಗಿಲ್ಲ. ಕತ್ತಿಯಿಲ್ಲದ ಈ ಕ್ರಮವನ್ನು ಬಲ್ಲವರೂ ಅವರೇ.

ಒಂದು ಮಾತನ್ನು ಮುಚ್ಚಿಡಬಾರದು. ಜೋತುಬಿದ್ದ, ಮುದುರಿದ ಕಿವಿಗಳು ಈ ಉಪಚಾರಕ್ಕೆ ಒಲಿಯುವಷ್ಟು ಸುಲಭವಾಗಿ ಚಾಚಿದ ಕಿವಿ ಒಲಿಯುವುದಿಲ್ಲ. ಬಟ್ಟಲು ಆಳವಾಗಿದ್ದರಂತೂ ಸ್ವಲ್ಪ ಮಟ್ಟಿಗೆ ಮಾತ್ರ ಗುಣ ಕಾಣುತ್ತದೆ, ಕೆಲವೊಮ್ಮೆ ಮರಳಿಯೂ ಏಳುತ್ತದೆ. ಆದರೂ ಹೋಗುವುದು ಕೆಲವು ವಾರದ ತಾಳ್ಮೆ. ಸಿಕ್ಕರೆ ಒಂದು ಬಾಳಿನ ನೆಮ್ಮದಿ.

ಇಷ್ಟು ಹೇಳಿದ ಮೇಲೆ ನಮ್ಮೂರಿನ ಒಂದು ತೊಡಕು ಕಣ್ಣಿಗೆ ಬೀಳುತ್ತದೆ. ಬಾಣಂತಿಯೂ ಕೂಸೂ ನಲವತ್ತು ದಿನ ಹೊಸ್ತಿಲು ದಾಟಬಾರದೆಂಬ ವಾಡಿಕೆ ನಮ್ಮಲ್ಲಿದೆ. ಹೊರಗಿನ ಸೋಂಕು ತಾಗದಿರಲೆಂದು ಹಿರಿಯರು ಮಾಡಿದ ಏರ್ಪಾಡು ಅದು, ಹಳಿಯಬೇಕಾದ್ದೇನೂ ಇಲ್ಲ. ಹೆರಿಗೆಯ ಆಸ್ಪತ್ರೆಯಿಂದ ಎರಡು ಮೂರು ದಿನಕ್ಕೆ ಮನೆಗೆ ಬಂದ ಮಗು ಮತ್ತೆ ವೈದ್ಯನ ಕಣ್ಣಿಗೆ ಬೀಳುವುದು ಒಂದೂವರೆ ತಿಂಗಳ ಚುಚ್ಚುಮದ್ದಿನ ದಿನ. ಆ ದಿನವೇ ತಾಯಿ ಅಳುಕುತ್ತ ಕುಲಾವಿಯನ್ನು ಸರಿಸಿ, ಈ ಕಿವಿ ಹೀಗಿದೆಯಲ್ಲ ಎಂದು ಕೇಳುತ್ತಾಳೆ. ಲೆಕ್ಕ ಹಾಕಿ ನೋಡಿ: ನಮ್ಮ ನಲವತ್ತು ದಿನವೂ ಪ್ರಕೃತಿಯ ಆರು ವಾರವೂ ಹೆಚ್ಚುಕಡಮೆ ಒಂದೇ. ಬಾಗಿಲು ಮುಚ್ಚಿಕೊಳ್ಳುತ್ತಿರುವ ಹೊತ್ತಿಗೆ ನಾವು ಬಾಗಿಲು ತಟ್ಟುತ್ತೇವೆ. ನನ್ನ ವೃತ್ತಿಜೀವನದಲ್ಲಿ ಈ ಪ್ರಶ್ನೆ ಹೊತ್ತು ಬಂದ ತಾಯಂದಿರಲ್ಲಿ ಹೆಚ್ಚಿನವರು ಬಂದದ್ದು ಹೀಗೆ ತಡವಾಗಿಯೇ.

ಆದರೆ ಆ ನಲವತ್ತು ದಿನವೂ ಮಗುವಿನ ಕಿವಿಯನ್ನು ನೋಡುತ್ತಿರುವವರೊಬ್ಬರು ಮನೆಯಲ್ಲಿಯೇ ಇದ್ದಾರೆ. ಬಚ್ಚಲಿನಲ್ಲಿ ಮಣೆಯ ಮೇಲೆ ಕಾಲು ನೀಡಿ ಕುಳಿತು, ಮೊಣಕಾಲ ಕೆಳಗಿನ ಇಳಿಜಾರಿನಲ್ಲಿ ಕೂಸನ್ನು ಮಲಗಿಸಿಕೊಂಡು, ತೆಂಗಿನೆಣ್ಣೆ ಸವರಿ ಹಂಡೆಯ ಬಿಸಿನೀರು ಹೊಯ್ಯುವ ಅಜ್ಜಿ ಆಕೆ. ತಲೆ ದುಂಡಗಾಗಲೆಂದು ತಟ್ಟುತ್ತಾಳೆ, ಮೂಗು ನೆಟ್ಟಗಾಗಲೆಂದು ತೀಡುತ್ತಾಳೆ, ಕಿವಿ ಎದ್ದು ನಿಂತಿದ್ದರೆ ಅದನ್ನೂ ಹಿಂದಕ್ಕೆ ಒತ್ತುತ್ತಾಳೆ. ಮೃದ್ವಸ್ಥಿಯ ಹೆಸರು ಕೇಳದ ಆಕೆಗೂ ಎಳೆಯ ಅಂಗ ಬಗ್ಗುತ್ತದೆಂಬ ತಿಳಿವಳಿಕೆ ಬೆರಳಿನಲ್ಲಿತ್ತು. ತಪ್ಪಿದ್ದು ಕಾಲದ ಅಳತೆಯಲ್ಲಿ ಮಾತ್ರ. ದಿನಕ್ಕೆ ಐದು ನಿಮಿಷ ಒತ್ತಿ ಬಿಟ್ಟರೆ ಉಳಿದ ಹೊತ್ತೆಲ್ಲ ಕಿವಿ ತನ್ನ ಇಚ್ಛೆಯಂತೆ ನಿಲ್ಲುತ್ತದೆ.

ಬಸ್ರೂರಿನ ಕಡೆಯ ಒಬ್ಬ ಅಜ್ಜಿ, ಮೊಮ್ಮಗು ಹುಟ್ಟಿ ಎಂಟನೆಯ ದಿನಕ್ಕೆ, ವಾಡಿಕೆಯನ್ನು ತಾನೇ ಮುರಿದು, ಆಟೋರಿಕ್ಷಾದಲ್ಲಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನಲ್ಲಿಗೆ ಬಂದಿದ್ದರು. “ಡಾಕ್ಟ್ರೇ, ಈ ಮಗಿನ್ ಕೆಮಿ ಒಂಚೂರ್ ಕಾಣಿ. ನಾನ್ ಎಷ್ಟ್ ಒತ್ರೂ ಮತ್ತ್ ಎದ್ಕಂಡೇ ಬತ್ತ್” ಎಂದರು. ಅವರನ್ನು ಅಂದೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಮೂರು ವಾರ ಕಟ್ಟಿದರು. ಬಲಗಿವಿ ಚೆನ್ನಾಗಿ ಕೂತಿತು. ಎಡಗಿವಿ ತುಸು ಎದ್ದೇ ಉಳಿಯಿತು. ಅಜ್ಜಿಗೆ ಎಂಟಾಣೆ ತೃಪ್ತಿ. ನನಗೆ ಅವರ ಮೇಲಿದ್ದ ಗೌರವ ಹದಿನಾರಾಣೆಯದು.

ಇಂದು ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೇ ಬಂದು ಕೂಸನ್ನು ನೋಡುತ್ತಾರೆ. ತೂಕ ನೋಡುತ್ತಾರೆ, ಹೊಕ್ಕುಳ ನೋಡುತ್ತಾರೆ. ಅವರು ಬಂದಾಗ ಕುಲಾವಿಯನ್ನು ಬಿಚ್ಚಿ ಎರಡು ಕಿವಿಯನ್ನೂ ತೋರಿಸಿ. ಏಳನೆಯ ದಿನ ತೋರಿಸಿದ ಕಿವಿಗೂ ನಲವತ್ತೆರಡನೆಯ ದಿನ ತೋರಿಸಿದ ಕಿವಿಗೂ ಬಹಳ ಅಂತರವಿದೆ. ಕುಲಾವಿ ತೊಡಿಸುವಾಗ ಕಿವಿ ಒಳಗೆ ಮುಂದಕ್ಕೆ ಮಡಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಕೂಸನ್ನು ಎದೆಗೊರಗಿಸಿಕೊಂಡಾಗಲೂ ಕೆಳಗಿನ ಕಿವಿ ಮಡಚಿದ್ದರೆ ಬೆರಳಿನಿಂದ ಬಿಡಿಸಿ. ಹುಟ್ಟುವಾಗ ಚಾಚಿದ ಕಿವಿ ಇರುವ ಮಕ್ಕಳಿಗಿಂತ ವರ್ಷ ತುಂಬುವಾಗ ಇರುವ ಮಕ್ಕಳು ಹೆಚ್ಚೆಂದು ಆ ಜಪಾನಿ ವೈದ್ಯರೇ ಗಮನಿಸಿದ್ದರು. ಮೆತ್ತಗಿನ ಕಿವಿ ಮಡಚಿದ ಹಾಗೆಯೇ ಉಳಿಯುವುದೂ ಒಂದು ಕಾರಣವಿರಬಹುದು. ಇಲ್ಲಿಯೇ ಇನ್ನೊಂದು ಮಾತು: ಮೀಯಿಸುವಾಗ ಕಿವಿಯ ಹೊರಗೆ ಎಣ್ಣೆ ಸವರಿದರೆ ಬಾಧಕವಿಲ್ಲ, ಒಳಗೆ ಹೊಯ್ಯಬಾರದು.

ಇನ್ನು, ಆ ಕಾಲ ಮೀರಿದವರ ಪಾಡೇನು? ಇಲ್ಲಿ ಮಾರುಕಟ್ಟೆ ಬಾಯಿ ತೆರೆದು ಕೂತಿದೆ. ಮೊಬೈಲಿನಲ್ಲಿ ಬರುವ ಜಾಹೀರಾತುಗಳಲ್ಲಿ ರಾತ್ರಿ ಕಟ್ಟಿಕೊಳ್ಳುವ ಪಟ್ಟಿ, ಕಿವಿಗೆ ಸಿಕ್ಕಿಸುವ ಕ್ಲಿಪ್ಪು, ಹಚ್ಚುವ ತೈಲ, ಹೀಗೆ ಬಗೆಬಗೆ. ಬಲಿತ ಮೃದ್ವಸ್ಥಿಗೆ ಇವು ಯಾವುವೂ ಹೊಸ ಆಕಾರ ಕೊಡಲಾರವು. ಒಂದು ವರ್ಷ ಕಟ್ಟಿದರೂ ಬಿಚ್ಚಿದ ಗಳಿಗೆಯಲ್ಲಿ ಕಿವಿ ತನ್ನ ಜಾಗಕ್ಕೆ ಮರಳುತ್ತದೆ. ಬಿಗಿಯಾದ ಕ್ಲಿಪ್ಪು ರಕ್ತಸಂಚಾರವನ್ನು ತಡೆದು ಹುಣ್ಣು ಮಾಡೀತು. ಚರ್ಮಕ್ಕೆಂದೇ ಮಾಡಿದ, ಎರಡೂ ಮೈಗೆ ಅಂಟಿರುವ ಸಣ್ಣ ಪಟ್ಟಿಗಳು ಸಿಗುತ್ತವೆ. ಒಂದು ಮದುವೆಯ ದಿನಕ್ಕೋ ಫೋಟೋ ತೆಗೆಸಿಕೊಳ್ಳುವುದಕ್ಕೋ ಕೆಲವು ಗಂಟೆ ಹಾಕಿಕೊಂಡು ತೆಗೆದರೆ ತಪ್ಪಿಲ್ಲ. ಮೊದಲು ಮುಂಗೈಯ ಮೇಲೆ ಅಂಟಿಸಿ ತುರಿಕೆ ಬರುವುದೋ ಎಂದು ನೋಡಿಕೊಳ್ಳಬೇಕು. ತೆಗೆಯುವಾಗ ಎಣ್ಣೆ ಹಚ್ಚಿ ಮೆಲ್ಲಗೆ ಬಿಡಿಸಬೇಕು. ಮುರಿದ ಆಟಿಕೆ ಜೋಡಿಸುವ, ತತ್‌ಕ್ಷಣ ಹಿಡಿಯುವ ಗೋಂದನ್ನು ಮಾತ್ರ ಎಂದಿಗೂ ಮುಟ್ಟಬಾರದು. ಹೆಣ್ಣು ನೋಡಲು ಬರುವ ದಿನ ಅದನ್ನು ಹಚ್ಚಿಕೊಂಡ ಹುಡುಗಿಯೊಬ್ಬಳ ಕಿವಿಯ ಹಿಂದೆ ನಾನು ಹದಿನೈದು ದಿನ ಮುಲಾಮು ಹಚ್ಚಿದ್ದೇನೆ. ಬಂದ ಗಂಡು ಆ ಸಂಜೆ ತಲೆಯೆತ್ತಿ ನೋಡಲೇ ಇಲ್ಲವಂತೆ!

ಉಳಿದದ್ದು ಕೂದಲು. ಇದಕ್ಕಿಂತ ಹಳೆಯ, ಖರ್ಚಿಲ್ಲದ, ನಿರಪಾಯದ ಉಪಾಯ ಬೇರಿಲ್ಲ. ಹೆಣ್ಣುಮಕ್ಕಳು ಕೂದಲನ್ನು ಎಳೆದು ಎತ್ತಿ ಕಟ್ಟದೆ, ಕಿವಿಯ ಮೇಲ್ಭಾಗವನ್ನು ಮುಚ್ಚುವಂತೆ ಸಡಿಲವಾಗಿ ಇಳಿಬಿಟ್ಟು ಜಡೆ ಹೆಣೆಯಬಹುದು. ನಮ್ಮ ಕಡಲ ಗಾಳಿ ಆಗಾಗ ಗುಟ್ಟು ಬಿಟ್ಟುಕೊಡುತ್ತದೆ, ಅದು ಬೇರೆ ಮಾತು. ಗಂಡುಮಕ್ಕಳು ಬದಿಯ ಕೂದಲನ್ನು ಎರಡು ಬೆರಳು ಉದ್ದ ಬಿಟ್ಟರೆ ಸಾಕು, ಕಿವಿಯ ಅರ್ಧ ಚಾಚು ಮರೆಯಾಗುತ್ತದೆ.

ಈ ಎರಡು ಬೆರಳಿನ ಕೂದಲಿಗೆ ಎಷ್ಟು ಬೆಲೆಯೆಂದು ನನಗೆ ತಿಳಿಸಿಕೊಟ್ಟವನು ಗಂಗೊಳ್ಳಿಯ ಒಬ್ಬ ಹುಡುಗ. ಎಂಟನೆಯ ತರಗತಿ. ತಂದೆ ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದರು. ಹೊಟ್ಟೆನೋವೆಂದು ತಿಂಗಳಲ್ಲಿ ನಾಲ್ಕು ಸಲ ಕರೆತಂದರು. ನಾಲ್ಕೂ ಸಲ ಸೋಮವಾರ ಬೆಳಿಗ್ಗೆ. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಬಾಯಿ ಬಿಟ್ಟ. ಆ ಶಾಲೆಯಲ್ಲಿ ಕಿವಿಯ ಮೇಲೆ ಕೂದಲು ಬರಬಾರದೆಂಬ ನಿಯಮ. ಭಾನುವಾರ ಕ್ಷೌರದಂಗಡಿಯಲ್ಲಿ ಬದಿಯನ್ನು ಸಪಾಟಾಗಿ ಕತ್ತರಿಸಿ ಕಳುಹಿಸುವರು. ಸೋಮವಾರ ಹಿಂದಿನ ಬೆಂಚಿನಿಂದ ಕೂಗು ಶುರು, ಕಿವಿಗೆ ರಬ್ಬರ್‌ಬ್ಯಾಂಡಿನ ಹೊಡೆತ. “ನಾನ್ ಶಾಲಿಗ್ ಹೋತಿಲ್ಲೆ, ಅಪ್ಪನ್ ಒಟ್ಟಿಗೆ ಬೋಟಿಗ್ ಹೋತೆ” ಎಂದ. ಲೆಕ್ಕದಲ್ಲಿ ತರಗತಿಗೇ ಮೊದಲಿಗನಾಗಿದ್ದವನು.

ಔಷಧಿಯ ಚೀಟಿಯ ಮೇಲೆ ನಾನು ಮುಖ್ಯೋಪಾಧ್ಯಾಯರಿಗೆ ಬರೆದೆ: ಈ ಬಾಲಕನು ಕಿವಿಯ ಬದಿಯಲ್ಲಿ ಒಂದೂವರೆ ಅಂಗುಲ ಕೂದಲನ್ನು ಧರಿಸತಕ್ಕದ್ದು, ಅವಧಿ, ಶಾಲೆ ಮುಗಿಯುವ ತನಕ. ನಾನು ಬರೆದ ಚೀಟಿಗಳಲ್ಲಿ ಅದರಷ್ಟು ವಿಚಿತ್ರವಾದದ್ದು ಇನ್ನೊಂದಿಲ್ಲ. ಮುಖ್ಯೋಪಾಧ್ಯಾಯರು ರಸಿಕರು. ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಹಿಂದಿನ ಬೆಂಚಿನವರನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆಸಿ ಮಾತನಾಡಿದರಂತೆ. ಏನು ಮಾತನಾಡಿದರೋ ನನಗೆ ಹೇಳಲಿಲ್ಲ. ಹೊಟ್ಟೆನೋವು ನಿಂತಿತು. ಗುಣವಾದದ್ದು ನನ್ನ ಒಂದೂವರೆ ಅಂಗುಲದಿಂದಲೋ ಅವರ ಮಾತಿನಿಂದಲೋ ಎಂದು ಕೇಳಿದರೆ, ಎರಡನೆಯದರಿಂದಲೇ ಎಂದು ನನ್ನ ಎಣಿಕೆ.

ತಾಯಿತಂದೆಯರು ಮಗುವಿನ ಎದುರಿಗೆ ಈ ವಿಷಯವನ್ನು ನೆಂಟರಿಷ್ಟರೊಡನೆ ಚರ್ಚಿಸುವುದನ್ನು ದಯವಿಟ್ಟು ಬಿಡಬೇಕು. “ಅದೇನು ದೊಡ್ಡ ವಿಷಯ, ಹೋಗು” ಎಂದು ಗದರಿಸುವುದೂ ಸಲ್ಲದು. ಮಗು ತಾನಾಗಿ ಹೇಳಿಕೊಂಡರೆ ಕುಳಿತು ಕೇಳಿ, ಯಾರು ಏನೆಂದರೆಂದು ವಿಚಾರಿಸಿ, ಮೇಷ್ಟರ ಬಳಿ ಹೋಗಿ ಮಾತನಾಡಿ. ಮಗು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲವಾದರೆ ನೀವಾಗಿ ಅದರ ತಲೆಗೆ ಆ ಚಿಂತೆಯನ್ನು ತುಂಬಬೇಡಿ. ಎಷ್ಟೋ ಮಕ್ಕಳು ಕೊನೆತನಕ ಅದನ್ನು ಗಮನಿಸದೆಯೇ ಸುಖವಾಗಿರುತ್ತಾರೆ.

ಶಸ್ತ್ರಚಿಕಿತ್ಸೆಯ ವಿಚಾರ ಇಂದಿನದಲ್ಲ, ಎರಡೇ ಮಾತು. ಹರಿದ ಕಿವಿಹಾಲೆಯನ್ನು ಕೂಡಿಸುವ ಹದಿನೈದು ಬಗೆಗಳನ್ನು ನಮ್ಮ ಸುಶ್ರುತನೇ ವಿವರಿಸಿದ್ದಾನೆ. ಚಾಚಿದ ಕಿವಿಯನ್ನು ಹಿಂದಕ್ಕೆ ಕೂರಿಸುವ ಶಸ್ತ್ರಕ್ರಿಯೆಯನ್ನು ನ್ಯೂಯಾರ್ಕಿನ ವೈದ್ಯ ಎಲಿ ಎಂಬಾತ 1881ರಲ್ಲಿ ವರದಿ ಮಾಡಿದ. ಸಾಮಾನ್ಯವಾಗಿ ಐದಾರು ವರ್ಷ ತುಂಬಿದ ಮೇಲೆ ಮಾಡುತ್ತಾರೆ. ಬೇಕೆಂಬುದು ಮಗುವಿನ ಇಚ್ಛೆಯಾಗಿರಬೇಕು; ಅತ್ತೆಯದೋ ಚಿಕ್ಕಮ್ಮನದೋ ಆಗಬಾರದು.

ಕಡೆಗೆ, ಇದುವರೆಗೆ ಹೇಳಿದ್ದಕ್ಕೆಲ್ಲ ಹೊರತಾದ ಒಂದು ಎಚ್ಚರಿಕೆ. ಇದುವರೆಗಿನ ಮಾತೆಲ್ಲ ಹುಟ್ಟಿನಿಂದ, ಇಲ್ಲವೆ ಎಳವೆಯಿಂದ, ಹಾಗಿರುವ ಕಿವಿಯದು. ನಿನ್ನೆಯವರೆಗೆ ಸರಿಯಾಗಿದ್ದ ಮಗುವಿನ ಒಂದು ಕಿವಿ ಇಂದು ಎದ್ದು ಹೊರಕ್ಕೆ ಚಾಚಿ ನಿಂತಿದ್ದು, ಅದರ ಹಿಂದಿನ ಎಲುಬಿನ ಮೇಲೆ ಬಾವು ಬಂದು ಕೆಂಪಾಗಿ, ಮುಟ್ಟಿದರೆ ಮಗು ಚೀರುವಂತಿದ್ದು, ಜ್ವರವೂ ಇದ್ದರೆ, ಅದು ರೂಪದ ಪ್ರಶ್ನೆಯಲ್ಲ. ನಡುಗಿವಿಯ ಕೀವು ಹಿಂದಿನ ಎಲುಬಿನೊಳಕ್ಕೆ ಇಳಿದಿರುವ ಗುರುತು ಅದು. ಮಿದುಳಿಗೂ ಹತ್ತಿರದ ಜಾಗ. ಬಿಸಿ ಎಣ್ಣೆ ಬಿಡುತ್ತ, ಬೆಳ್ಳುಳ್ಳಿಯ ಶಾಖ ಕೊಡುತ್ತ ಬೆಳಗಾಗಲೆಂದು ಕಾಯಬಾರದು. ರಾತ್ರಿಯಾದರೂ ಸರಿ, ಮಳೆಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.